‘ಇನ್‌ಫ್ರಕ್ಚುಅಸ್’: ಫಲ ಕೆಟ್ಟಿತೋ, ಕೆಡಿಸಿದೆವೋ?

“ಸಾಹೇಬ್ರ, ಆರ್ಡರ್ ಬಂದೈತ್ರಿ. ಅದರಾಗ ಒಂದು ಶಬ್ದ ಐತಿ. ಮಗಳು ಡಿಕ್ಷನರಿ ನೋಡಿ, ಹಣ್ಣು ಬಿಡಲಾರದ್ದು ಅಂತ ಹೇಳತಾಳ. ನಾ ಗೆದ್ದೀನೋ ಸೋತೀನೋ, ಅಷ್ಟ ಹೇಳ್ರಿ ನೀವು.”

ಹೀಗೆ ಕೇಳಿದವರು ಮುಂಬಯಿಯ ನಮ್ಮ ಕಚೇರಿಯಿಂದ ನಿವೃತ್ತರಾಗಿ ವಿಜಯಪುರ ಜಿಲ್ಲೆಯ ತಮ್ಮ ಹಳ್ಳಿಗೆ ಮರಳಿದ್ದ ಹಿರಿಯರೊಬ್ಬರು. ವಯಸ್ಸಿನಲ್ಲಿ ನಮಗಿಂತ ಹದಿನೈದು ವರ್ಷ ದೊಡ್ಡವರು, ಹುದ್ದೆಯಲ್ಲಿ ಕೆಳಗಿನವರು. ಮೂವತ್ತಕ್ಕೂ ಹೆಚ್ಚು ವರ್ಷ ಕಡತಗಳ ನಡುವೆಯೇ ಕಳೆದಿದ್ದರೂ ತಮ್ಮದೇ ಅರ್ಜಿಯ ಮೇಲೆ ಹೊರಟ ಎರಡು ಸಾಲಿನ ಆದೇಶ ಅವರಿಗೆ ಬಿಡಿಸಲಾಗದ ಒಗಟಾಗಿತ್ತು. ಅರ್ಜಿಯು ‘ಇನ್‌ಫ್ರಕ್ಚುಅಸ್’ ಆಗಿರುವುದರಿಂದ ಅದನ್ನು ವಜಾ ಮಾಡಲಾಗಿದೆ ಎಂಬುದಿಷ್ಟೇ ಆದೇಶದ ತಿರುಳು.

ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾವು ಉತ್ತರಿಸಲು ತಡವರಿಸಿದೆವು. ಗೆದ್ದಿರಿ ಎಂದರೆ ಸುಳ್ಳಾಗುತ್ತಿತ್ತು. ಸೋತಿರಿ ಎಂದರೂ ಸುಳ್ಳೇ. ಏಕೆಂದರೆ ಅವರ ವಾದ ಸರಿಯೇ ತಪ್ಪೇ ಎಂಬುದನ್ನು ಯಾರೂ ನೋಡಿರಲೇ ಇಲ್ಲ. ನೋಡುವ ಅಗತ್ಯವೇ ಇಲ್ಲವೆಂಬುದು ಆ ಒಂದು ವಿಶೇಷಣದ ಅರ್ಥ. ಅಂದಿನಿಂದ ಈ ಪದ ನಮ್ಮನ್ನು ಬಿಟ್ಟಿಲ್ಲ. ಆದುದರಿಂದ ಬಳಗದ ಓದುಗರ ಮುಂದೆ ಅದರ ಜಾತಕವನ್ನು ಬಿಚ್ಚಿಡುವ ಮನಸ್ಸಾಗಿದೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಈ ಪದವನ್ನು ನಾವು ಕಲಿತದ್ದು ವಿಶ್ವವಿದ್ಯಾಲಯದಲ್ಲಲ್ಲ. ಚಾಸರನಿಂದ ಎಲಿಯಟ್‌ನವರೆಗೆ ಎರಡು ವರ್ಷ ಓದಿದ ಪುಸ್ತಕಗಳಲ್ಲಿ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಸೇವೆಗೆ ಸೇರಿದ ಮೊದಲ ತಿಂಗಳಲ್ಲಿಯೇ ಕಡತವೊಂದರಲ್ಲಿ ಎದುರಾಯಿತು. ಅಚ್ಚಿನ ತಪ್ಪಿರಬೇಕೆಂದು ಭಾವಿಸಿದೆವು. ಆದರೆ ಅದರ ನಕಾರವಿಲ್ಲದ ರೂಪವಾದ ‘ಫ್ರಕ್ಚುಅಸ್’ ಚಾಸರನಲ್ಲಿದೆ. ‘ಕ್ಯಾಂಟರ್‌ಬರಿ ಕಥೆಗಳ’ ಕೊನೆಯ ಘಟ್ಟದಲ್ಲಿ, ಯಾತ್ರಿಕರ ತಂಡದ ಮುಖಂಡನಾದ ವಸತಿಗೃಹದ ಯಜಮಾನನು ಪಾದ್ರಿಯನ್ನು ಕಥೆ ಹೇಳಲು ಕರೆಯುತ್ತಾನೆ. ಹೊತ್ತು ಮುಳುಗುತ್ತಿದೆ, ಫಲವತ್ತಾದುದನ್ನು ಹೇಳು, ಬೇಗ ಹೇಳು ಎಂಬುದು ಅವನ ಕೋರಿಕೆ. ಫಲಕ್ಕೂ ಹೊತ್ತಿಗೂ ಗಂಟು ಹಾಕಿದ ಆ ಮಾತು ಅಂದು ತರಗತಿಯಲ್ಲಿ ನಮಗೆ ಬರಿಯ ತಮಾಷೆಯಾಗಿ ಕಂಡಿತ್ತು.

ಪದದ ಬೇರು ಲ್ಯಾಟಿನ್ನಿನ ‘ಫ್ರೂಯಿ’ ಎಂಬ ಕ್ರಿಯಾಪದದಲ್ಲಿದೆ. ಅನುಭವಿಸು, ಉಪಭೋಗಿಸು ಎಂದು ಅದರ ಅರ್ಥ. ಅದರಿಂದ ‘ಫ್ರಕ್ಟುಸ್’ ಎಂಬ ನಾಮಪದ ಹುಟ್ಟಿತು. ಮೊದಲು ಉಪಭೋಗ, ಬಳಿಕ ಉಪಭೋಗಿಸಲ್ಪಡುವ ವಸ್ತು, ಅಂದರೆ ಬೆಳೆ, ಹುಟ್ಟುವಳಿ, ಹಣ್ಣು. ರೋಮನ್ನರ ಕಲ್ಪನೆಯಲ್ಲಿ ಹಣ್ಣಿಗಿಂತ ಅದನ್ನು ಉಣ್ಣುವ ಹಕ್ಕು ಮೊದಲಿನದು. ಪರರ ಸ್ವತ್ತನ್ನು ಕೆಡಿಸದೆ ಅದರ ಹುಟ್ಟುವಳಿಯನ್ನು ಅನುಭವಿಸುವ ಅಧಿಕಾರಕ್ಕೆ ಅವರ ಕಾನೂನಿನಲ್ಲಿ ‘ಯೂಸುಫ್ರಕ್ಟ್’ ಎಂಬ ಹೆಸರಿತ್ತು. ಆ ಹೆಸರು ನಮ್ಮ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 58ನೆಯ ಪ್ರಕರಣದಲ್ಲಿಯೂ ಇದೆ. ಸಾಲಕೊಟ್ಟವನು ಅಡವಿನ ಭೂಮಿಯನ್ನು ವಶಕ್ಕೆ ಪಡೆದು ಅದರ ಆದಾಯವನ್ನು ಬಡ್ಡಿಗೋ ಅಸಲಿಗೋ ಜಮಾ ಮಾಡಿಕೊಳ್ಳುವ ಅಡಮಾನಕ್ಕೆ ಅಲ್ಲಿ ‘ಯೂಸುಫ್ರಕ್ಚುಅರಿ’ ಎಂಬ ವಿಶೇಷಣ. ಕನ್ನಡಿಗರು ಇದಕ್ಕೆ ಏನನ್ನುತ್ತಾರೆ? ಭೋಗ್ಯ. ಬೆಂಗಳೂರಿನ ಮನೆಗಳ ಗೇಟಿಗೆ ‘ಭೋಗ್ಯಕ್ಕಿದೆ’ ಎಂದು ಫಲಕ ತೂಗುಹಾಕುವವರು ರೋಮನ್ ನ್ಯಾಯಶಾಸ್ತ್ರವನ್ನು ಓದಿದವರಲ್ಲ. ಆದರೂ ಅದೇ ಭಾವ, ಅದೇ ಧಾತ್ವರ್ಥ.

ಈ ಬೇರಿನ ಇನ್ನೆರಡು ಕುಡಿಗಳು ಸರ್ಕಾರಿ ಕಚೇರಿಯಲ್ಲಿ ನಿತ್ಯ ಕಾಣುವಂಥವು. ಒಂದು ‘ಫ್ರೂಗಲ್’, ಮಿತವ್ಯಯದ ಸುತ್ತೋಲೆಗಳ ವಿಶೇಷಣ. ಇನ್ನೊಂದು ‘ಬ್ರೂಕ್’. ಇದು ಲ್ಯಾಟಿನ್ನಿನಿಂದ ಬಂದದ್ದಲ್ಲ, ಅಚ್ಚ ಇಂಗ್ಲಿಷಿನದು, ಆದರೆ ಲ್ಯಾಟಿನ್ ಪದದ ದಾಯಾದಿ. ಒಂದು ಕಾಲಕ್ಕೆ ಅದಕ್ಕೂ ಅನುಭವಿಸು ಎಂದೇ ಅರ್ಥವಿತ್ತು. ಕ್ರಮೇಣ ಅರಗಿಸಿಕೊಳ್ಳು ಎಂದಾಗಿ, ಸಹಿಸು ಎಂದಾಗಿ, ಈಗ ನಿಷೇಧದ ವಾಕ್ಯಗಳಲ್ಲಿ ಮಾತ್ರ ಉಸಿರಾಡುತ್ತಿದೆ. ‘ಈ ವಿಷಯವು ವಿಳಂಬವನ್ನು ಸಹಿಸದು’ ಎಂದು ಮೇಲಿನಿಂದ ಬರುವ ಇಂಗ್ಲಿಷ್ ಪತ್ರಗಳಲ್ಲಿ ಕಾಣಿಸಿಕೊಳ್ಳುವುದು ಅದೇ ಕ್ರಿಯಾಪದ. ವಿಳಂಬವನ್ನು ಸಹಿಸದ ಪದವೂ ವಿಳಂಬದಿಂದ ಸತ್ತ ಅರ್ಜಿಯ ವಿಶೇಷಣವೂ ಒಂದೇ ವಂಶದವು ಎಂಬುದನ್ನು ಅರಿತಾಗ ನಮಗೆ ನಗು ಬಂದಿತ್ತು. ಈಗ ಬರುವುದಿಲ್ಲ.

ನಮ್ಮ ಬಳಗದ ಮಿತ್ರರಲ್ಲಿ ಕೆಲವರಿಗೆ ಇಂತಹ ಪದಗಳೆಂದರೆ ಹಾಸ್ಯ. ‘ಇದು ಬಾಬು ಇಂಗ್ಲಿಷ್, ಬ್ರಿಟಿಷರೇ ಬಿಟ್ಟ ಪದವನ್ನು ನೀವು ಇನ್ನೂ ತಲೆಯ ಮೇಲೆ ಹೊತ್ತಿದ್ದೀರಿ’ ಎಂಬುದು ಅವರ ಆಕ್ಷೇಪ. ಸಂಗತಿ ಸುಳ್ಳಲ್ಲ. ವ್ಯಾಜ್ಯದ ವಿಷಯವೇ ಉಳಿಯದಿದ್ದಾಗ ಇಂಗ್ಲೆಂಡಿನ ನ್ಯಾಯಾಲಯಗಳು ಮೇಲ್ಮನವಿಯು ‘ಅಕಡೆಮಿಕ್’ ಆಗಿದೆ ಎನ್ನುತ್ತವೆ. ಅಮೆರಿಕದಲ್ಲಿ ‘ಮೂಟ್’ ಎನ್ನುತ್ತಾರೆ. ಸರ್ಕಾರದ ಹಣ ಪ್ರಯೋಜನವಿಲ್ಲದೆ ಹೋದರೆ ಬ್ರಿಟನ್ನಿನ ಖಜಾನೆಯ ಕೈಪಿಡಿಯಲ್ಲಿರುವುದು ‘ಫ್ರೂಟ್‌ಲೆಸ್’ ಎಂಬ ಸರಳ ಪದ. ದಕ್ಷಿಣ ಆಫ್ರಿಕದ 1999ರ ಸಾರ್ವಜನಿಕ ಹಣಕಾಸು ಅಧಿನಿಯಮವೂ ಅದನ್ನೇ ಬಳಸಿ, ಸಾಕಷ್ಟು ಎಚ್ಚರ ವಹಿಸಿದ್ದರೆ ತಪ್ಪಿಸಬಹುದಾಗಿದ್ದ ವ್ಯರ್ಥ ವೆಚ್ಚವೆಂದು ಅದಕ್ಕೆ ಅರ್ಥವನ್ನೂ ಬರೆದಿಟ್ಟಿದೆ. ಲ್ಯಾಟಿನ್ನಿನ ಭಾರವನ್ನು ಎರಡೂ ಕಡೆ, ನ್ಯಾಯಾಲಯದಲ್ಲಿಯೂ ಲೆಕ್ಕಪತ್ರದಲ್ಲಿಯೂ, ಹೊತ್ತು ನಡೆಯುತ್ತಿರುವವರು ನಾವು. ಬ್ರಿಟಿಷ್ ಖಜಾನೆಯ ಕೋರಿಕೆಯ ಮೇರೆಗೆ ಸರ್ ಅರ್ನೆಸ್ಟ್ ಗವರ್ಸ್ 1948ರಲ್ಲಿ ‘ಪ್ಲೇನ್ ವರ್ಡ್ಸ್’ ಬರೆದು ಅಧಿಕಾರಿಗಳಿಗೆ ಸರಳ ಪದಗಳ ದೀಕ್ಷೆ ಕೊಟ್ಟಾಗ ನಾವು ಸ್ವತಂತ್ರರಾಗಿದ್ದೆವು. ಅವರ ಉಪದೇಶವನ್ನು ಕೇಳಬೇಕಾದ ಹಂಗು ನಮಗಿರಲಿಲ್ಲ.

ಆದರೂ ನಾವು ಈ ಪದದ ಪರ. ಒಂದು ಪದವು ಹುಟ್ಟಿದೂರಿನಲ್ಲಿ ಬಳಕೆ ತಪ್ಪಿ ಬೇರೊಂದೂರಿನಲ್ಲಿ ಬಾಳಿದರೆ ಅದು ಆ ಎರಡನೆಯ ಊರಿನದೇ. ನಮ್ಮಲ್ಲಿ ಅದು ‘ಫ್ರೂಟ್‌ಲೆಸ್’ಗೆ ಇಲ್ಲದ ಅರ್ಥಚ್ಛಾಯೆಯನ್ನೂ ಗಳಿಸಿಕೊಂಡಿದೆ. ಮಾತುಕತೆ ‘ಫ್ರೂಟ್‌ಲೆಸ್’ ಆಯಿತೆಂದರೆ ಪ್ರಯತ್ನ ನಡೆಯಿತು, ಫಲ ಸಿಗಲಿಲ್ಲ. ಅರ್ಜಿ ‘ಇನ್‌ಫ್ರಕ್ಚುಅಸ್’ ಆಯಿತೆಂದರೆ ಹಾಗಲ್ಲ. ಒಮ್ಮೆ ಫಲ ಸಾಧ್ಯವಿತ್ತು. ನಡುವೆ ಏನೋ ನಡೆದು ಆ ಸಾಧ್ಯತೆಯೇ ಕಳಚಿಬಿತ್ತು. ಗೊಡ್ಡು ಮರಕ್ಕೂ ಹೂ ಉದುರಿದ ಮರಕ್ಕೂ ಇರುವ ಅಂತರವಿದು. ಹಳೆಯ ಲ್ಯಾಟಿನ್ ಪದಕ್ಕೆ ಕಾಲದ ಆಯಾಮವನ್ನು ಕೊಟ್ಟದ್ದು ಭಾರತೀಯ ನ್ಯಾಯಾಲಯ.

ನಮ್ಮ ತಕರಾರು ಇರುವುದು ಪದದ ನೀತಿಯ ಬಗ್ಗೆ. ಅದು ಎರಡು ಮನೆಗಳಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುತ್ತದೆ.

ಲೆಕ್ಕಪರಿಶೋಧಕರ ಮನೆಯಲ್ಲಿ ಅದು ಆರೋಪ. ಮಹಾಲೆಕ್ಕಪರಿಶೋಧಕರ ವರದಿಗಳಲ್ಲಿ ‘ಇನ್‌ಫ್ರಕ್ಚುಅಸ್’ ವೆಚ್ಚವೆಂಬ ಶೀರ್ಷಿಕೆ ಕಂಡರೆ ಇಲಾಖೆಗಳ ಎದೆ ಧಸಕ್ಕೆನ್ನುತ್ತದೆ. ಯಂತ್ರ ಕೊಂಡರು, ಕೂರಿಸಲು ಕಟ್ಟಡವಿರಲಿಲ್ಲ. ಕಟ್ಟಡ ಕಟ್ಟಿದರು, ವಿದ್ಯುತ್ ಸಂಪರ್ಕ ಬರಲಿಲ್ಲ. ಅಲ್ಲಿ ಪ್ರಶ್ನೆ ಖಚಿತ: ಹೊಣೆ ಯಾರದು? ಸಾಮಾನ್ಯ ಹಣಕಾಸು ನಿಯಮಗಳು, 2017ರ 21ನೆಯ ನಿಯಮವು ಸಾಮಾನ್ಯ ವಿವೇಕವುಳ್ಳವನು ಸ್ವಂತ ಹಣದ ಬಗ್ಗೆ ತೋರುವ ಎಚ್ಚರವನ್ನೇ ಸರ್ಕಾರದ ಹಣದ ಬಗ್ಗೆಯೂ ತೋರಬೇಕೆಂದು ಅಧಿಕಾರಿಯಿಂದ ನಿರೀಕ್ಷಿಸುತ್ತದೆ. ಆ ಎಚ್ಚರ ತಪ್ಪಿದವನನ್ನು ಹುಡುಕಲೆಂದೇ ಆಡಿಟ್ ಪ್ಯಾರಾ ಹುಟ್ಟುವುದು. ನಮ್ಮ ಹಳೆಯ ಪುರಾಣಗಳ ಕೊನೆಯಲ್ಲಿ ಫಲಶ್ರುತಿ ಇರುವಂತೆ ಇಲ್ಲಿ ಅಫಲಶ್ರುತಿ.

ನ್ಯಾಯಾಲಯದ ಮನೆಯಲ್ಲಾದರೋ ಅದು ನಿರಪರಾಧಿ. ಅರ್ಜಿ ನಿಷ್ಫಲ‘ವಾಯಿತು’. ಮಳೆ ಬಂದಂತೆ, ಹೊತ್ತು ಮುಳುಗಿದಂತೆ ಅದು ತಾನಾಗಿ ಆದದ್ದು. ಯಾರಿಂದ, ಏಕೆ, ಎಷ್ಟು ಕಾಲದಲ್ಲಿ ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಚುನಾವಣಾ ತಕರಾರು ಅರ್ಜಿಗಳನ್ನು ನೋಡಿ. 1951ರ ಪ್ರಜಾಪ್ರತಿನಿಧಿತ್ವ ಅಧಿನಿಯಮದ 86ನೆಯ ಪ್ರಕರಣವು ವಿಚಾರಣೆಯನ್ನು 6 ತಿಂಗಳೊಳಗೆ ಮುಗಿಸಲು ಯತ್ನಿಸಬೇಕೆನ್ನುತ್ತದೆ. ವಿಧಾನಸಭೆಯ ಅವಧಿ 5 ವರ್ಷ. ಆ 5 ವರ್ಷವೂ ಕಳೆದು, ಮುಂದಿನ ಚುನಾವಣೆಯೂ ನಡೆದ ಮೇಲೆ ಹಿಂದಿನ ಆಯ್ಕೆಯ ತಕರಾರಿಗೆ ಇದೇ ವಿಶೇಷಣ ಅಂಟಿದ ನಿದರ್ಶನಗಳು ಕಡಿಮೆಯಿಲ್ಲ. ಭ್ರಷ್ಟ ಆಚರಣೆಯ ಆರೋಪವಿದ್ದರೆ ಮಾತ್ರ ಅರ್ಜಿಗೆ ಜೀವ ಉಳಿಯುತ್ತದೆ, ಏಕೆಂದರೆ ಅದರ ಪರಿಣಾಮವಾಗಿ ಅನರ್ಹತೆ ಬರಬಹುದು. ಇನ್ನು 1980ರ ರಾಷ್ಟ್ರೀಯ ಭದ್ರತಾ ಅಧಿನಿಯಮದಡಿ ಬಂಧನದ ಗರಿಷ್ಠ ಅವಧಿ 12 ತಿಂಗಳು. ಬಂಧನವನ್ನು ಪ್ರಶ್ನಿಸಿದ ಅರ್ಜಿ ಹದಿಮೂರನೆಯ ತಿಂಗಳಿನಲ್ಲಿ ವಿಚಾರಣೆಗೆ ಬಂದರೆ, ಬಂಧಿತನು ಹೊರಗಿದ್ದಾನೆ, ಅರ್ಜಿ ನಿಷ್ಫಲ. ಒಂದು ವರ್ಷ ಅವನು ಒಳಗಿದ್ದುದು ನ್ಯಾಯವೋ ಅನ್ಯಾಯವೋ ಎಂಬುದಕ್ಕೆ ಆ ವಿಶೇಷಣದಲ್ಲಿ ಜಾಗವಿಲ್ಲ. ಕನ್ನಡದ ಗಾದೆ ಇದಕ್ಕಿಂತ ನಿಷ್ಠುರ: ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಗಾದೆಯಲ್ಲಿ ಕನಿಷ್ಠಪಕ್ಷ ಬಾಗಿಲು ಹಾಕಿದವರ ಕಡೆ ಒಂದು ಬೆರಳಾದರೂ ಇದೆ.

ಈಗ ಆ ಹಿರಿಯರ ಪ್ರಕರಣ. ನಿವೃತ್ತಿಗೆ 23 ತಿಂಗಳು ಉಳಿದಿರುವಾಗ ಅವರನ್ನು ಮುಂಬಯಿಯಿಂದ ಬಹುದೂರದ ಶಾಖೆಯೊಂದಕ್ಕೆ ವರ್ಗ ಮಾಡಲಾಯಿತು. ನಿವೃತ್ತಿಯ ಅಂಚಿನಲ್ಲಿರುವವರನ್ನು ಸಾಧ್ಯವಾದಷ್ಟು ಕದಲಿಸಬಾರದೆಂಬುದು ನಮ್ಮ ಕಚೇರಿಯ ವರ್ಗಾವಣೆ ನೀತಿಯಲ್ಲಿಯೇ ಇತ್ತು. ಮನೆಯಲ್ಲಿ ಪತ್ನಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್. ಅವರು ಅರ್ಜಿ ಹಾಕಿದರು. ತಡೆಯಾಜ್ಞೆ ಸಿಗಲಿಲ್ಲ, ಶಿಸ್ತಿನ ಮನುಷ್ಯ, ಹೋಗಿ ವರದಿ ಮಾಡಿಕೊಂಡರು. ಅರ್ಜಿಗೆ ಪ್ಯಾರಾವಾರು ಉತ್ತರ ಸಿದ್ಧಪಡಿಸಬೇಕಾದ ಮೇಜು ನಮ್ಮದಾಗಿತ್ತು.

ಇಲ್ಲಿ ‘ನಾವು’ ಎಂಬುದನ್ನು ಲೇಖಕರ ಮರ್ಯಾದೆಯ ಬಹುವಚನವೆಂದು ಓದುಗರು ತಿಳಿಯಬಾರದು. ಒಬ್ಬರು ಕರಡು ಬರೆದೆವು, ಒಬ್ಬರು ತಿದ್ದಿದೆವು, ಒಬ್ಬರು ರುಜು ಹಾಕಿದೆವು. ಉತ್ತರ ಬರೆಯುವುದು ಕಷ್ಟವಾಗಿತ್ತು, ಏಕೆಂದರೆ ನೀತಿ ಅವರ ಪರವಾಗಿತ್ತು. ಕಷ್ಟವಾದ ಉತ್ತರಕ್ಕೆ ಕಚೇರಿಯಲ್ಲಿ ಒಂದು ಉಪಾಯವಿದೆ: ಕಾಲಾವಕಾಶ ಕೋರುವುದು. ನಾಲ್ಕು ವಾರ ಕೇಳಿದೆವು. ಮತ್ತೆ ನಾಲ್ಕು ವಾರ. ಹೀಗೆ ನಾಲ್ಕು ಬಾರಿ. ನಡುವೆ ಪೀಠ ಸೇರದ ದಿನಗಳು, ವಕೀಲರು ಬದಲಾದ ತಿಂಗಳುಗಳು. ಸುಳ್ಳು ಯಾವುದನ್ನೂ ಹೇಳಲಿಲ್ಲ. ಯಾವ ನಿಯಮವನ್ನೂ ಮುರಿಯಲಿಲ್ಲ. ಅರ್ಜಿದಾರರು ಅಲ್ಲಿಯೇ ನಿವೃತ್ತರಾದರು. ಮೂರು ತಿಂಗಳ ತರುವಾಯ ಅರ್ಜಿ ವಿಚಾರಣೆಗೆ ಬಂದ ದಿನ ನಮ್ಮ ವಕೀಲರು ಒಂದೇ ವಾಕ್ಯ ನುಡಿದರು: ಅರ್ಜಿದಾರರು ಈಗಾಗಲೇ ನಿವೃತ್ತರಾಗಿರುವುದರಿಂದ ವರ್ಗಾವಣೆಯ ಪ್ರಶ್ನೆ ಉಳಿದಿಲ್ಲ. ಆ ವಾಕ್ಯವನ್ನು ಟಿಪ್ಪಣಿಯಲ್ಲಿ ಅವರಿಗೆ ಬರೆದುಕೊಟ್ಟವರೂ ನಾವೇ. ವಿಶೇಷಣ ಸಹಿತವಾಗಿ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಆಂತರಿಕ ಲೆಕ್ಕಪರಿಶೋಧನೆಯ ತಂಡವು ಬಂದು ನೋಡಿದಾಗ, ಅವರನ್ನು ಕಳುಹಿಸಿದ್ದ ವಿಭಾಗವು ಅದಾಗಲೇ ಬೇರೊಂದರಲ್ಲಿ ವಿಲೀನವಾಗಿತ್ತೆಂದೂ ಅಲ್ಲಿ ಅವರಿಗೆ ಬಹುಕಾಲ ಮೇಜುಕುರ್ಚಿಯ ಹೊರತು ಕೆಲಸವಿರಲಿಲ್ಲವೆಂದೂ ತಿಳಿಯಿತು. ಅವರ ವರ್ಗಾವಣೆ ಭತ್ಯೆ, ಸಾಮಾನು ಸಾಗಣೆಯ ಖರ್ಚು ಎಲ್ಲವನ್ನೂ ತಂಡವು ‘ಇನ್‌ಫ್ರಕ್ಚುಅಸ್’ ವೆಚ್ಚವೆಂದು ಬರೆಯಿತು. ಒಂದೇ ಕಡತದಲ್ಲಿ ಎದುರುಬದುರಾಗಿ ಎರಡು ಹಾಳೆಗಳು. ಎಡಗಡೆಯ ಹಾಳೆಯಲ್ಲಿ ಮನುಷ್ಯನ ಅರ್ಜಿ ನಿಷ್ಫಲ, ಹೊಣೆ ಯಾರೂ ಅಲ್ಲ. ಬಲಗಡೆಯ ಹಾಳೆಯಲ್ಲಿ ಸರ್ಕಾರದ ಹಣ ನಿಷ್ಫಲ, ಹದಿನೈದು ದಿನಗಳೊಳಗೆ ವಿವರಣೆ ಕೊಡಿ. ಆ ವಿವರಣೆಗೆ ಮಾತ್ರ ನಾವು ಕಾಲಾವಕಾಶ ಕೋರಲಿಲ್ಲ.

ಭಾಷೆಯ ಪ್ರಶ್ನೆ ನಮ್ಮನ್ನು ಕಾಡತೊಡಗಿದ್ದು ಆಗ. ಕೇಂದ್ರ ಸರ್ಕಾರದ ವರದಿಗಳು 1963ರ ರಾಜಭಾಷಾ ಅಧಿನಿಯಮದಂತೆ ಹಿಂದಿಯಲ್ಲಿಯೂ ಹೊರಡಬೇಕು. ಹಿಂದಿಯಲ್ಲಿ ಇದು ‘ನಿಷ್ಫಲ್ ವ್ಯಯ್’. ನಾವಿರುವ ಮಹಾರಾಷ್ಟ್ರದಲ್ಲಿ ‘ನಿಷ್ಫಳ’. ಹಳಗನ್ನಡದ ಶಾಸನಗಳಲ್ಲಿಯೂ ಫಲವು ಫಳವೇ; ನಾವು ಬಿಟ್ಟ ಆ ಳಕಾರವನ್ನು ಮರಾಠಿ ಇನ್ನೂ ಉಳಿಸಿಕೊಂಡಿದೆ ಎಂಬುದು ಇಲ್ಲಿ ದಾರಿಬಿಟ್ಟು ಹೇಳುವ ಸಂತೋಷ. ಕನ್ನಡದಲ್ಲಿಯೂ ‘ನಿಷ್ಫಲ’ವೆಂದರೆ ಅನುವಾದ ಅಕ್ಷರಶಃ ಸರಿ: ‘ಇನ್’ಗೆ ‘ನಿಸ್’, ‘ಫ್ರಕ್ಟುಸ್’ಗೆ ‘ಫಲ’. ಇಷ್ಟು ಹದವಾಗಿ ಕೂರುವ ಜೋಡಿ ಅಪರೂಪ. ಆದರೆ ಕನ್ನಡದಲ್ಲಿ ವಾಕ್ಯ ಮುಗಿಸಲು ಕ್ರಿಯಾಪದ ಬೇಕು. ಅಲ್ಲಿ ಕನ್ನಡ ನಮ್ಮ ಕೊರಳಪಟ್ಟಿ ಹಿಡಿಯುತ್ತದೆ. ಆಗುವುದೋ, ಮಾಡುವುದೋ? ಕೆಟ್ಟಿತೋ, ಕೆಡಿಸಿದರೋ? ತಪ್ಪಿತೋ, ತಪ್ಪಿಸಿದರೋ? ಒಂದು ‘ಇಸು’ ಪ್ರತ್ಯಯ ಸೇರಿದೊಡನೆ ವಾಕ್ಯಕ್ಕೆ ಕರ್ತೃ ಬಂದು ನಿಲ್ಲುತ್ತಾನೆ. ಇಂಗ್ಲಿಷಿನಲ್ಲಿಯೂ ‘ರೆಂಡರ್’ ಎಂಬ ಸಕರ್ಮಕವಿದೆ, ನಿಜ. ಆದರೆ ಅದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ಕರ್ತೃವನ್ನು ಹಿತ್ತಲ ಬಾಗಿಲಿನಿಂದ ಕಳುಹಿಸಿಬಿಡುವುದು ಅಲ್ಲಿ ಸುಲಭ. ಕನ್ನಡದ ಕಚೇರಿ ಭಾಷೆಯೂ ‘ಮಾಡಲಾಗಿದೆ’, ‘ಪರಿಗಣಿಸಲಾಗಿದೆ’ ಎಂದು ಅದೇ ಹಿತ್ತಲ ಬಾಗಿಲನ್ನು ಕಟ್ಟಿಕೊಂಡಿದೆಯೆಂಬುದನ್ನು ಅಲ್ಲಗಳೆಯುವುದಿಲ್ಲ. ಅದು ನಮ್ಮ ಮನೆಯ ಮೂಲ ಬಾಗಿಲಲ್ಲ, ನಾವು ಇಂಗ್ಲಿಷ್ ನೋಡಿ ಒಡೆದದ್ದು.

ನ್ಯಾಯವಾದಿಗಳಾದ ಮಿತ್ರರೊಬ್ಬರು ನಮ್ಮ ಮಾತನ್ನು ಒಪ್ಪುವುದಿಲ್ಲ. ‘ಸತ್ತ ಪ್ರಶ್ನೆಗೆ ಉತ್ತರ ಹೇಳುತ್ತ ಕುಳಿತರೆ ಜೀವಂತ ಪ್ರಶ್ನೆಗಳ ಗತಿಯೇನು? ಸರತಿಯ ಸಾಲು ನೋಡಿದ್ದೀರಾ? ನ್ಯಾಯಾಲಯವು ಉಪನ್ಯಾಸ ಪೀಠವಲ್ಲ’ ಎನ್ನುತ್ತಾರೆ. ಈ ಆಕ್ಷೇಪ ತೂಕದ್ದು. ಸತ್ತ ಅರ್ಜಿಗಳನ್ನೆಲ್ಲ ಎಬ್ಬಿಸಿ ಕೂರಿಸಬೇಕೆಂದು ನಾವೂ ಹೇಳುವುದಿಲ್ಲ. ಹಲವು ಅರ್ಜಿಗಳು ನಿಜವಾಗಿಯೂ ಯಾರ ತಪ್ಪೂ ಇಲ್ಲದೆ ನಿಷ್ಫಲವಾಗುತ್ತವೆ. ಬೇಡಿದ ಪರಿಹಾರ ಅಷ್ಟರಲ್ಲಿ ತಾನಾಗಿ ದೊರಕಿಬಿಟ್ಟಿರುತ್ತದೆ, ಅರ್ಜಿದಾರನು ಸಂತೋಷದಿಂದಲೇ ಮನೆಗೆ ಹೋಗುತ್ತಾನೆ. ನಮ್ಮ ಬೇಡಿಕೆ ಚಿಕ್ಕದು. ಆ ವಿಶೇಷಣವನ್ನು ಒಂಟಿಯಾಗಿ ಬಿಡಬೇಡಿ. ಅರ್ಜಿ ಸಲ್ಲಿಸಿದ ದಿನ, ಫಲ ಅಸಾಧ್ಯವಾದ ದಿನ, ನಡುವೆ ಯಾವ ಪಕ್ಷವು ಎಷ್ಟು ಬಾರಿ ಕಾಲಾವಕಾಶ ಪಡೆಯಿತು ಎಂಬ ಒಂದೇ ಸಾಲು ಅದರ ಪಕ್ಕದಲ್ಲಿರಲಿ. ಕಾಲಾವಕಾಶದ ಪತ್ರಗಳೆಲ್ಲ ಕಡತದಲ್ಲಿಯೇ ಇರುತ್ತವೆ. ಎಣಿಸಲು ಐದು ನಿಮಿಷ ಸಾಕು. ನ್ಯಾಯಾಲಯದ ಕೃತ್ಯದಿಂದ ಯಾರಿಗೂ ಹಾನಿಯಾಗಬಾರದೆಂಬ ಹಳೆಯ ಲ್ಯಾಟಿನ್ ಸೂತ್ರವನ್ನು ನಮ್ಮ ನ್ಯಾಯಾಧೀಶರು ಆಗಾಗ ನೆನೆಯುತ್ತಾರೆ. ನ್ಯಾಯಾಲಯದ ಕೃತ್ಯಕ್ಕಿಂತ ಹೆಚ್ಚು ಹಾನಿ ಮಾಡುವುದು ಅದರೆದುರು ಕೈಮುಗಿದು ‘ಇನ್ನು ನಾಲ್ಕು ವಾರ’ ಎನ್ನುವ ನಮ್ಮಂಥವರ ಅಕೃತ್ಯ.

ನ್ಯಾಯಾಲಯ ಬರೆಯುವವರೆಗೆ ಕಾಯಬೇಕೆಂದೂ ಇಲ್ಲ. ಟಿಪ್ಪಣಿ ಬರೆಯುವ ಲೇಖನಿ ನಮ್ಮ ಕೈಯಲ್ಲಿಯೇ ಇದೆ. ಕಳೆದ ತಿಂಗಳು ಇಂಥದೇ ಮತ್ತೊಂದು ಕಡತ ಬಂದಾಗ, ‘ಇಲಾಖೆಯು ಮೂರು ಬಾರಿ ಕಾಲಾವಕಾಶ ಪಡೆದ ಅವಧಿಯಲ್ಲಿ ಅರ್ಜಿಯು ನಿಷ್ಫಲವಾಗಿದೆ’ ಎಂಬರ್ಥದ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು ಮೇಲಕ್ಕೆ ಕಳುಹಿಸಿದೆವು. ಮರಳಿ ಬಂದಾಗ ವಾಕ್ಯದ ಮೊದಲರ್ಧಕ್ಕೆ ಹಸಿರು ಶಾಯಿಯ ಗೆರೆ ಬಿದ್ದಿತ್ತು. ವಿಶೇಷಣ ಮಾತ್ರ ಉಳಿದಿತ್ತು. ನಾವು ಮತ್ತೆ ಬರೆದು ಕಳುಹಿಸಿದ್ದೇವೆ. ಕಡತ ಇನ್ನೂ ಇಳಿದು ಬಂದಿಲ್ಲ.

ಆ ಸಂಜೆಯ ದೂರವಾಣಿಗೆ ಮರಳುವುದಾದರೆ, ಅವರ ಪ್ರಶ್ನೆಗೆ ನಾವು ಕೊನೆಗೂ ಸತ್ಯವನ್ನೇ ಹೇಳಿದೆವು. ಗೆದ್ದದ್ದೂ ಅಲ್ಲ, ಸೋತದ್ದೂ ಅಲ್ಲ. ನೀವು ನಿವೃತ್ತರಾಗಿದ್ದರಿಂದ ಇನ್ನು ತೀರ್ಪು ಕೊಟ್ಟು ಉಪಯೋಗವಿಲ್ಲವೆಂದು ಬರೆದಿದ್ದಾರೆ, ಉತ್ತರಕ್ಕೆ ನಾಲ್ಕು ಸಲ ಸಮಯ ಕೇಳಿದವರು ನಾವೇ ಎಂದೆವು. ಆಚೆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಅವರ ಪತ್ನಿ ತೀರಿಕೊಂಡು ಅಷ್ಟರಲ್ಲಿ ಐದು ತಿಂಗಳಾಗಿತ್ತು. ಅದನ್ನು ಅವರು ಎತ್ತಲಿಲ್ಲ.

“ಹಿಂಗನ್ರಿ ಹಂಗಾರ,” ಎಂದರು ಬಳಿಕ. “ಹಸಿ ಆರಿದ ಮ್ಯಾಲೆ ಬಿತ್ತಿದ್ಹಂಗ ಆತು. ಇದಕ್ಕ ಅಷ್ಟು ದೊಡ್ಡ ಶಬ್ದ ಯಾಕ ಬೇಕಿತ್ರಿ, ಸಾಹೇಬ್ರ?”

ನೆಲದ ಹಸಿ ತಾನಾಗಿ ಆರಿತ್ತೋ, ಆರಿಸಿದ್ದೋ ಎಂದು ಅವರು ಕೇಳಲಿಲ್ಲ. ಈ ಸಲದ ಬಿಳಿಜೋಳ ಹೇಗಿದೆಯೆಂದು ನಾವು ವಿಚಾರಿಸಿದೆವು. ತೆನೆ ಕಟ್ಟಿದೆ, ಹಕ್ಕಿ ಕಾಯಬೇಕು ಎಂದು ಹೇಳಿ ಅವರು ಫೋನ್ ಇಟ್ಟರು.